ನಿತ್ಯ ಸವಾರಿಯ ಕರಾರು

ಈ ಶಾಲೆಯ ಪ್ರಸಾದನಿಲಯದಲ್ಲಿದ್ದು ಓದಿ, ಧಾರವಾಡದಲ್ಲಿ ಭೌತಶಾಸ್ತ್ರದ ಪದವಿ ಪಡೆದು, ಅನಂತರ ಇಂಗ್ಲೆಂಡಿಗೆ ತೆರಳಿ ಕಾವೆಂಟ್ರಿ ನಗರದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯ ಹಿತ್ತಿಲ ಷೆಡ್ಡಿನಲ್ಲಿ ಒಂದು ತಗಡಿನ ತಟ್ಟೆ ಇದೆ. ಬೆಳಗಿನ ಏಳು ಗಂಟೆಗೆ ಬಾಗಿಲು ತೆರೆದೊಡನೆ ಅವರ ದೃಷ್ಟಿ ಮೊದಲು ಹರಿಯುವುದು ಆ ತಟ್ಟೆಯ ಕಡೆಗೆ. ಅದರ ಮೇಲುಗಡೆ ನಿಂತಿರುವ ಮೋಟಾರು ಸೈಕಲ್ಲಿನ ಕಡೆಗಲ್ಲ. ರಾತ್ರಿಯಿಡೀ ತೊಟ್ಟಿಕ್ಕಿದ ಎಣ್ಣೆ ಮೂರು ನಾಲ್ಕು ಹನಿಯಷ್ಟಿದ್ದರೆ ಸಮಾಧಾನ. ಹತ್ತಾರು ಹನಿಯಾಗಿದ್ದರೆ ಎಲ್ಲಿಯೋ ಒಂದು ನಟ್ಟು ಸಡಿಲಿದೆ ಎಂದು ತಿಳಿಯಬೇಕು. ಒಂದು ಹನಿಯೂ ಇಲ್ಲದಿದ್ದರೆ ಆತಂಕವೇ ಸರಿ. ಎಣ್ಣೆಯ ಟಾಕಿಯೇ ಬರಿದಾಗಿದೆಯೋ ಏನೋ ಎಂದು ಮುಚ್ಚಳ ತೆಗೆದು ನೋಡಬೇಕು.

ಆ ವಾಹನದ ಹೆಸರು ಟ್ರಯಂಫ್ ಬಾನವಿಲ್. ೧೯೬೯ನೆಯ ಇಸವಿಯಲ್ಲಿ ತಯಾರಾದದ್ದು; ೬೪೯ ಘನ ಸೆಂಟಿಮೀಟರಿನ ಜೋಡಿ ಸಿಲಿಂಡರಿನ ಎಂಜಿನ್ನು. ಅಮೆರಿಕದ ಯೂಟಾ ಪ್ರಾಂತದಲ್ಲಿ ಬಾನವಿಲ್ ಎಂಬ ವಿಶಾಲವಾದ ಉಪ್ಪಿನ ಬಯಲೊಂದಿದೆ. ೧೯೫೬ರಲ್ಲಿ ಟ್ರಯಂಫ್ ಎಂಜಿನ್ನನ್ನು ಹೊತ್ತ ವಾಹನವೊಂದು ಅಲ್ಲಿ ಗಂಟೆಗೆ ೨೧೪ ಮೈಲಿಗಳ ವೇಗದಲ್ಲಿ ಓಡಿತು. ಆ ಹೆಗ್ಗಳಿಕೆಯನ್ನು ನೆನೆದು ಇಟ್ಟ ಹೆಸರಿದು. ಅಂತಹ ವೇಗಕ್ಕೂ ಈ ಉಪಾಧ್ಯಾಯರ ದಿನಚರಿಗೂ ಯಾವ ಸಂಬಂಧವೂ ಇಲ್ಲ. ಅವರು ಅದರ ಮೇಲೆ ಕುಳಿತು ಸುಮಾರು ಹನ್ನೆರಡು ಮೈಲಿ ದೂರದ ಸೋಲಿಹಲ್ ಪಟ್ಟಣದ ಶಾಲೆಗೆ ಪಾಠ ಹೇಳಲು ಹೋಗುತ್ತಾರೆ, ಸಂಜೆ ಮರಳುತ್ತಾರೆ. ಇಪ್ಪತ್ತು ವರ್ಷಗಳಿಂದ ನಡೆದು ಬಂದಿರುವ ಕ್ರಮವಿದು. ನೆರೆಯವರು ಇದನ್ನು ಗೀಳು ಎನ್ನುತ್ತಾರೆ. ಅವರ ಪತ್ನಿ ಬೇರೊಂದು ಹೆಸರಿಟ್ಟಿದ್ದಾರೆ, ಅದು ಇಲ್ಲಿ ಬೇಡ.

ಈ ನಂಟಿನ ಮೂಲ ಕಾವೆಂಟ್ರಿಯಲ್ಲಿಲ್ಲ, ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿದೆ. ಅವರ ಸೋದರಮಾವನಿಗೆ ಒಂದು ಬುಲೆಟ್ ಇತ್ತು. ಊರಿನವರ ಬಾಯಲ್ಲಿ ಅದು ಫಟಫಟಿ. ಇಂಗ್ಲೆಂಡಿನ ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ರೂಪುಗೊಂಡ ಆ ಬಂಡಿಯನ್ನು ೧೯೫೫ರಿಂದ ಮದರಾಸಿನಲ್ಲಿ ಕಟ್ಟತೊಡಗಿದರೆಂಬುದು ಬಹುಜನರಿಗೆ ತಿಳಿದ ವಿಷಯ. ಮೂಲ ಕಾರ್ಖಾನೆ ಮುಚ್ಚಿಹೋದ ಮೇಲೂ ಮದರಾಸಿನ ಶಾಖೆ ಚಿಗುರುತ್ತಲೇ ಇದ್ದು, ಮುಂದೆ ಬುಲೆಟ್ಟುಗಳು ಇಲ್ಲಿಂದಲೇ ಹಡಗೇರಿ ಇಂಗ್ಲೆಂಡಿಗೆ ಹೋದವು. ಬೇರು ಒಣಗಿದ ಮೇಲೆ ಬಿಳಲು ನೆಲಕ್ಕಿಳಿದು ಮರವಾದ ಆಲದಂತೆ.

ಹುಡುಗನಾಗಿದ್ದಾಗ ಅವರು ಆ ಬುಲೆಟ್ಟನ್ನು ಮೊದಲ ಬಾರಿ ಬಲವೆಲ್ಲ ಹಾಕಿ ಒದ್ದರು. ಅದು ತಿರುಗಿ ಒದೆಯಿತು, ಮೀನಖಂಡ ನೀಲಿಗಟ್ಟಿತು. ಮಾವ ನಗಲಿಲ್ಲ. “ಒದೀಬ್ಯಾಡೋ ತಮ್ಮಾ, ಮೊದಲ ಮುಳ್ಳು ನೋಡು” ಎಂದ. ತಲೆದೀಪದ ಮೇಲಿನ ಪುಟ್ಟ ಗಡಿಯಾರದಂತಹ ಆಮೀಟರಿನ ಮುಳ್ಳು ನಡುಗೆರೆಗೆ ಬಂದು ನಿಲ್ಲುವವರೆಗೆ ಕಿಕ್ಕನ್ನು ಮೆಲ್ಲಗೆ ಒತ್ತಬೇಕು. ಒತ್ತಡ ಬಿಡಿಸುವ ಸಣ್ಣ ಲೀವರನ್ನು ಹಿಡಿದು ಪಿಸ್ಟನ್ನನ್ನು ಕೂದಲೆಳೆಯಷ್ಟು ದಾಟಿಸಬೇಕು. ಅನಂತರ ಒಂದೇ ಒಂದು ಸಮಾಧಾನದ ತುಳಿತ. ಎಂಜಿನ್ನು ಎದ್ದಿತು. ತೋಳ್ಬಲದಿಂದಾಗದ್ದು ಕ್ರಮ ತಿಳಿದ ಕಾಲಿಗೆ ಸಾಧ್ಯವಾದುದನ್ನು ಕಂಡ ಆ ಕ್ಷಣದಲ್ಲಿಯೇ ತಮಗೆ ಭೌತಶಾಸ್ತ್ರದ ಮೇಲೆ ಮನಸ್ಸಾಯಿತೆಂದು ಅವರು ಇಂದಿಗೂ ಹೇಳುವುದುಂಟು. ಮಾವನ ಬುಲೆಟ್ಟಿನಿಂದ ಇನ್ನೊಂದು ಉಪಕಾರವೂ ಆಯಿತು. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಎಂಬುದು ಹಳೆಯ ಆಂಗ್ಲ ಪದ್ಧತಿ. ಎಪ್ಪತ್ತರ ದಶಕದ ನಡುವೆ ಅಮೆರಿಕದ ನಿಯಮಗಳಿಗೆ ಮಣಿದು ಇಂಗ್ಲೆಂಡಿನವರು ಅದನ್ನು ಅದಲುಬದಲು ಮಾಡಿದರು. ಈಚಿನ ಇಂಗ್ಲಿಷ್ ಸವಾರರು ಹಳೆಯ ಬಂಡಿ ಏರಿದರೆ ಬ್ರೇಕೆಂದು ಗೇರನ್ನು ತುಳಿದು ಗಾಬರಿಯಾಗುತ್ತಾರೆ. ಕನ್ನಡ ನಾಡಿನ ಹಳ್ಳಿಯಿಂದ ಹೋದ ಈ ಗೃಹಸ್ಥರ ಕಾಲಿಗೆ ಮಾತ್ರ ಅದು ಹುಟ್ಟುನುಡಿಯಷ್ಟು ಸಹಜವಾಗಿತ್ತು.

ಟ್ರಯಂಫ್ ಕಾರ್ಖಾನೆಯ ಚರಿತ್ರೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳದಿದ್ದರೆ ಮುಂದಿನ ಕಥೆ ಅರ್ಥವಾಗದು. ಎಡ್ವರ್ಡ್ ಟರ್ನರ್ ಎಂಬ ಶಿಲ್ಪಿ ೧೯೩೭ರಲ್ಲಿ ಸ್ಪೀಡ್ ಟ್ವಿನ್ ಎಂಬ ಬಂಡಿಯನ್ನು ರಚಿಸಿ, ಜೋಡಿ ಸಿಲಿಂಡರಿನ ಎಂಜಿನ್ನಿಗೆ ಒಂದು ಮಾದರಿಯನ್ನೇ ಹಾಕಿಕೊಟ್ಟನು. ೧೯೪೦ರ ನವೆಂಬರಿನ ಬಾಂಬು ದಾಳಿಯಲ್ಲಿ ಕಾವೆಂಟ್ರಿಯ ಕಾರ್ಖಾನೆ ನೆಲಸಮವಾಯಿತು. ನಗರದ ಹೊರಗೆ ಮೆರಿಡನ್ ಗ್ರಾಮದ ಬಳಿ ೧೯೪೨ರಲ್ಲಿ ಹೊಸ ಕಾರ್ಖಾನೆ ಎದ್ದಿತು. ಮುಂದೆ ಜಪಾನಿನ ಬಂಡಿಗಳು ಬಂದವು. ಗುಂಡಿ ಒತ್ತಿದರೆ ಹೊರಡುವ, ಎಣ್ಣೆ ಸೋರದ, ನಾಲ್ಕು ಸಿಲಿಂಡರಿನ ಹೊಂಡಾ ೧೯೬೯ರಲ್ಲಿಯೇ ಪೇಟೆಗೆ ಇಳಿಯಿತೆಂಬುದು ಗಮನಿಸತಕ್ಕ ಸಂಗತಿ. ೧೯೭೩ರ ಸೆಪ್ಟೆಂಬರಿನಲ್ಲಿ ಮೆರಿಡನ್ ಕಾರ್ಖಾನೆಯನ್ನು ಮುಚ್ಚುವ ಘೋಷಣೆಯಾದಾಗ ಕಾರ್ಮಿಕರು ಒಳಗೇ ಕುಳಿತು ಬಾಗಿಲು ಹಾಕಿಕೊಂಡರು. ಹದಿನೆಂಟು ತಿಂಗಳ ಹೋರಾಟದ ಫಲವಾಗಿ ೧೯೭೫ರಲ್ಲಿ ಅದು ಅವರದೇ ಸಹಕಾರಿ ಸಂಸ್ಥೆಯಾಗಿ, ೧೯೮೩ರವರೆಗೆ ಏದುಸಿರು ಬಿಡುತ್ತ ನಡೆಯಿತು. ಟ್ರಯಂಫ್ ಎಂಬ ಹೆಸರು ಹಿಂಕ್ಲಿ ಪಟ್ಟಣದ ಹೊಸ ಕಾರ್ಖಾನೆಯಲ್ಲಿ ಬದುಕಿತು. ಮೆರಿಡನ್ನಿನ ಕಟ್ಟಡಗಳು ನೆಲಕ್ಕುರುಳಿ ಅಲ್ಲಿ ಮನೆಗಳಾದವು. ಒಂದು ಬೀದಿಗೆ ಬಾನವಿಲ್ ಕ್ಲೋಸ್ ಎಂದು ಹೆಸರಿಟ್ಟಿದ್ದಾರೆ. ಉಪಾಧ್ಯಾಯರು ಆ ಹಾದಿಯಲ್ಲೇ ಶಾಲೆಗೆ ಹೋಗಬೇಕು. ಬಂಡಿ ತನ್ನ ತವರುಮನೆಯ ಮುಂದೆ ದಿನಕ್ಕೆ ಎರಡು ಬಾರಿ ಹಾಯುತ್ತದೆ. ತವರಿಲ್ಲ, ಬೀದಿಗೆ ಹೆಸರುಳಿದಿದೆ.

ಆ ಕಾರ್ಖಾನೆಯಲ್ಲಿ ಎಂಜಿನ್ನು ಜೋಡಿಸುತ್ತಿದ್ದ ವೃದ್ಧನೊಬ್ಬನಿಂದಲೇ ೨೦೦೪ರಲ್ಲಿ ಅವರು ಬಂಡಿಯನ್ನು ಕೊಂಡರು. ಬೆಲೆ ಹೆಚ್ಚಿರಲಿಲ್ಲ, ಕರಾರು ದೊಡ್ಡದಿತ್ತು. ಅದಕ್ಕೆ ಕಾರಣವೂ ಇತ್ತು. ಅದಕ್ಕೂ ಹಿಂದಿನ ವರ್ಷ, ೨೦೦೩ರ ಸೆಪ್ಟೆಂಬರಿನಲ್ಲಿ, ಸೋಲಿಹಲ್ಲಿನ ಸಮೀಪದ ರಾಷ್ಟ್ರೀಯ ಮೋಟಾರು ಸೈಕಲ್ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದು, ಸುಮಾರು ೩೮೦ ಹಳೆಯ ಬಂಡಿಗಳು ಸುಟ್ಟು ಕರಕಲಾಗಿದ್ದವು. ಗಾಜಿನಂತೆ ಹೊಳೆಯುತ್ತ, ಹಗ್ಗದ ಬೇಲಿಯ ಹಿಂದೆ, ಯಾರ ಕೈಯೂ ಸೋಕದೆ ನಿಂತಿದ್ದ ಬಂಡಿಗಳವು. (ಆಮೇಲೆ ಆ ಸಂಗ್ರಹಾಲಯವನ್ನು ಪುನಃ ಕಟ್ಟಿ, ಎಷ್ಟೋ ಬಂಡಿಗಳನ್ನು ಬೂದಿಯಿಂದಲೇ ಎತ್ತಿ ನಿಲ್ಲಿಸಿದರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.) ವೃದ್ಧನು ಆ ಹೊಗೆಯನ್ನು ಕಂಡಿದ್ದನು. ಕೊಳ್ಳಲು ಬಂದವರಲ್ಲಿ ಇಬ್ಬರು ಬಂಡಿಯನ್ನು ಹೊದಿಕೆ ಹೊದಿಸಿ ಕಾಪಾಡುವುದಾಗಿ ಹೇಳಿದ್ದರು. ಅವರಿಗೆ ಅವನು ಕೊಡಲಿಲ್ಲ. ಇವರು ಮಾತ್ರ, ತಮಗೆ ಶಾಲೆಗೆ ಹೋಗಲು ಒಂದು ಗಾಡಿ ಬೇಕಾಗಿದೆ ಎಂದರು. “ಹಾಗಾದರೆ ನಿತ್ಯವೂ ಓಡಿಸಬೇಕು. ಓಡಿಸಲಾಗದ ದಿನ ಬಂದರೆ, ಓಡಿಸುವವರಿಗೆ ಕೊಡಬೇಕು” ಎಂದು ವೃದ್ಧನು ಕೈಹಿಡಿದು ಹೇಳಿದನು. ಕಾಗದಪತ್ರದ ಮಾತೇ ಇರಲಿಲ್ಲ.

ನಿತ್ಯವೂ ಎಂಬ ಮಾತು ಹಠಮಾರಿ ಮುದುಕನ ಚಪಲವೆಂದು ಅವರು ಮೊದಲು ಭಾವಿಸಿದರು. ಬಂಡಿಯೊಡನೆ ಬಾಳತೊಡಗಿದ ಮೇಲೆ ಅದು ಯಂತ್ರಶಾಸ್ತ್ರವೇ ಎಂಬುದು ತಿಳಿಯಿತು. ಈ ಜಾತಿಯ ಬಂಡಿಗಳಲ್ಲಿ ಎಣ್ಣೆ ಎಂಜಿನ್ನಿನ ತಳದಲ್ಲಿರುವುದಿಲ್ಲ. ಬೇರೆ ಟಾಕಿಯಲ್ಲಿದ್ದು, ಪಂಪಿನ ಮೂಲಕ ಎಂಜಿನ್ನಿಗೆ ಹೋಗಿ ಮರಳಿ ಬರುತ್ತದೆ. ಬಂಡಿ ಓಡುತ್ತಿರುವಷ್ಟು ಕಾಲ ಈ ಹೋಗುಬರುವು ಸರಿಯಾಗಿ ನಡೆಯುತ್ತದೆ. ವಾರಗಟ್ಟಲೆ ನಿಂತರೆ ಪಂಪಿನೊಳಗಿನ ಸಣ್ಣ ಗುಂಡು ಎಣ್ಣೆಯನ್ನು ತಡೆಯಲಾರದೆ, ಟಾಕಿಯ ಎಣ್ಣೆಯೆಲ್ಲ ಮೆಲ್ಲಮೆಲ್ಲನೆ ಎಂಜಿನ್ನಿನೊಳಗೆ ಇಳಿದುಬಿಡುತ್ತದೆ. ಉಪಾಧ್ಯಾಯರು ವರ್ಷಕ್ಕೊಮ್ಮೆ ತಿಂಗಳ ಕಾಲ ಊರಿಗೆ ಬಂದು ಹೋಗುತ್ತಾರಷ್ಟೆ. ಮರಳಿ ಹೋಗಿ ಬಂಡಿ ಎಬ್ಬಿಸಿದ ದಿನ ಹಿತ್ತಿಲೆಲ್ಲ ನೀಲಿ ಹೊಗೆ. ನೆರೆಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ನಿಂತ ಬಂಡಿಯಲ್ಲಿ ಕ್ಲಚ್ಚಿನ ಬಿಲ್ಲೆಗಳು ಒಂದಕ್ಕೊಂದು ಅಂಟುತ್ತವೆ. ಪೆಟ್ರೋಲು ಒಣಗಿ ಕಾರ್ಬ್ಯುರೇಟರಿನ ಸೂಜಿಗಣ್ಣಿನಂತಹ ತೂತುಗಳಲ್ಲಿ ಅಂಟಾಗುತ್ತದೆ. ೨೦೨೧ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರಸತೊಡಗಿದ ಮೇಲೆ ಈ ಕಾಟ ಇನ್ನೂ ಹೆಚ್ಚಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ತಿನ್ನುತ್ತದೆ. ಹೆಚ್ಚು ಬೆಲೆಯ, ಐದರಷ್ಟೇ ಬೆರಕೆಯಿರುವ ಪೆಟ್ರೋಲನ್ನು ಹುಡುಕಿ ಹಾಕಿಸಬೇಕಾಯಿತು.

ಹಾಗೆಂದು ಓಡಿಸಿದರೆ ಸಾಕೆಂದೂ ಅಲ್ಲ. ಎರಡು ಮೈಲಿ ಓಡಿಸಿ ನಿಲ್ಲಿಸಿದರೆ ಎಣ್ಣೆ ಕಾಯದೆ, ಒಳಗೆ ಹುಟ್ಟಿದ ನೀರು ಆವಿಯಾಗದೆ, ಎಣ್ಣೆಯೊಡನೆ ಕಲಸಿ ಬೆಣ್ಣೆಯಂತಾಗುತ್ತದೆ. ಸೋಲಿಹಲ್ಲಿನ ಹನ್ನೆರಡು ಮೈಲಿ ದೈವಯೋಗದಿಂದ ಸರಿಹೋಯಿತು.

ಎಂಜಿನ್ನಿನ ಎರಡು ಪಿಸ್ಟನ್ನುಗಳೂ ಜೊತೆಯಾಗಿ ಏರಿ ಜೊತೆಯಾಗಿ ಇಳಿಯುತ್ತವೆ. ಜೋಡೆತ್ತು ಒಂದೇ ಹೆಜ್ಜೆ ಹಾಕಿದಂತೆ. ಅದರ ನಾದ ಕೇಳುವುದಕ್ಕೆ ಬಹು ಇಂಪು. ಆದರೆ ನಡುಕಕ್ಕೆ ಮಿತಿಯಿಲ್ಲ. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತದೆ. ನಟ್ಟುಗಳು ತಾವೇ ತಿರುಗಿ ಬಿಚ್ಚಿಕೊಳ್ಳುತ್ತವೆ. ಆದುದರಿಂದ ಶನಿವಾರದ ಬೆಳಗು ಪಾನಾಗಳಿಗೆ ಮೀಸಲು. ಪಾನಾಗಳ ವಿಷಯವೇ ಒಂದು ಶಾಸ್ತ್ರ. ಜೋಸೆಫ್ ವಿಟ್‌ವರ್ತ್ ಎಂಬ ಆಂಗ್ಲ ತಂತ್ರಜ್ಞನು ೧೮೪೧ರಲ್ಲಿ ತಿರುಪಿನ ಎಳೆಗಳಿಗೆ ಒಂದು ಕ್ರಮವನ್ನು ವಿಧಿಸಿದನು. ಅವನ ಪಾನಾದ ಮೇಲೆ ಕೊರೆದ ಅಂಕೆ ಬೋಲ್ಟಿನ ಕಾಂಡದ ದಪ್ಪವನ್ನು ಹೇಳುತ್ತದೆ, ತಲೆಯ ಅಗಲವನ್ನಲ್ಲ. ಅಮೆರಿಕದ ಪಾನಾ ತಲೆಯ ಅಗಲವನ್ನು ಹೇಳುತ್ತದೆ. ಒಂದನ್ನು ಇನ್ನೊಂದಕ್ಕೆ ಹಚ್ಚುವುದು ಮಾತ್ರಾಗಣದ ಪದ್ಯಕ್ಕೆ ಅಕ್ಷರಗಣದ ಅಳತೆ ಹಿಡಿದಂತೆ. ಮೂಲೆಗಳು ಸವೆದು ಬೋಲ್ಟಿನ ತಲೆ ಗುಂಡಗಾಗುತ್ತದೆ. ೧೯೬೯ರ ಬಂಡಿಯಲ್ಲಂತೂ ಹಳೆಯ ಎಳೆಗಳೂ ಹೊಸ ಎಳೆಗಳೂ ಒಟ್ಟಿಗೆ ಇವೆ, ಹಳಗನ್ನಡದ ರೂಪಗಳೂ ನಡುಗನ್ನಡದ ರೂಪಗಳೂ ಬೆರೆತ ಓಲೆಗರಿಯ ಪ್ರತಿಯ ಹಾಗೆ. ಯಾವುದು ಯಾವುದೆಂಬುದನ್ನು ಕೈ ಕಲಿಯಬೇಕು.

ಕಲಿಯುವ ಮೊದಲು ಕೈ ಸುಟ್ಟುಕೊಳ್ಳಲೂ ಬೇಕು. ಬಂಡಿ ಬಂದ ಮೊದಲ ತಿಂಗಳಲ್ಲಿ ಅವರು ಹೊಸ ಬ್ಯಾಟರಿ ಕೂಡಿಸಿದರು. ಕೆಂಪು ತಂತಿ ಧನ, ಲೋಹದ ಚೌಕಟ್ಟಿಗೆ ಋಣ ಎಂದು ಮಕ್ಕಳಿಗೆ ಎಷ್ಟೋ ವರ್ಷ ಪಾಠ ಹೇಳಿದ ಕೈ ತಡವರಿಸಲಿಲ್ಲ. ಆ ಕಾಲದ ಆಂಗ್ಲ ಬಂಡಿಗಳಲ್ಲಿ ಚೌಕಟ್ಟಿಗೆ ಸೇರುವುದು ಧನಾಗ್ರ. ಕೆಂಪು ತಂತಿಯೇ ಭೂಮಿಯ ತಂತಿ. ಕ್ಷಣಮಾತ್ರದಲ್ಲಿ ಸುಟ್ಟ ವಾಸನೆ ಬಂದು, ವಿದ್ಯುತ್ತಿನ ಒಂದೆರಡು ಅಂಗಗಳು ಹೋದವು. ಭೌತಶಾಸ್ತ್ರದ ಉಪಾಧ್ಯಾಯರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಮಾರನೆಯ ದಿನ ತರಗತಿಯಲ್ಲಿ ಅದನ್ನೇ ಪಾಠವಾಗಿ ಹೇಳಿದರಂತೆ. ಹುಡುಗರು ಬೇರೆ ಯಾವ ಪಾಠವನ್ನೂ ಅಷ್ಟು ಲಕ್ಷ್ಯವಿಟ್ಟು ಕೇಳಿರಲಿಲ್ಲ.

ಇನ್ನೊಂದು ಪಾಠವನ್ನು ಎಂಜಿನ್ನೇ ಒದಗಿಸಿತು. ಈ ಬಂಡಿಯಲ್ಲಿ ಎಣ್ಣೆಯನ್ನು ಸೋಸಲು ಕಾಗದದ ಸೋಸುಕವಿಲ್ಲ, ತಂತಿಯ ಬಲೆಗಳಷ್ಟೆ. ಅದರ ಬದಲು ತಿರುಗುವ ಕ್ರ್ಯಾಂಕಿನ ಒಡಲಲ್ಲಿ ಒಂದು ಕೊಳವೆ ಇಟ್ಟಿದ್ದಾರೆ. ತಿರುಗುವ ವೇಗಕ್ಕೆ ಎಣ್ಣೆಯಲ್ಲಿನ ಕಸ ಹೊರಕ್ಕೆ ಎಸೆಯಲ್ಪಟ್ಟು ಆ ಕೊಳವೆಯ ಗೋಡೆಗೆ ಹತ್ತುತ್ತದೆ. ಹಾಲಿನಿಂದ ಕೆನೆ ತೆಗೆಯುವ ಯಂತ್ರದ ತತ್ತ್ವವೇ. ಆ ಕೊಳವೆ ತುಂಬಿದರೆ ಎಣ್ಣೆಯ ದಾರಿ ಮುಚ್ಚಿ ಎಂಜಿನ್ನು ಒಳಗೊಳಗೇ ಸವೆದು ಹೋಗುತ್ತದೆ. ಹೊರಗೆ ಒಂದು ಚಿಹ್ನೆಯೂ ತೋರದು. ಬಿಚ್ಚಿದವರಿಗೆ ಮಾತ್ರ ಗೊತ್ತು. ೨೦೦೯ರ ಬೇಸಿಗೆಯ ರಜೆಯಲ್ಲಿ ಅವರು ಆ ವೃದ್ಧನನ್ನೇ ಕುರ್ಚಿಯ ಮೇಲೆ ಕೂರಿಸಿಕೊಂಡು ಎಂಜಿನ್ನನ್ನು ಪೂರ್ತಿ ಬಿಚ್ಚಿದರು. ಕೊಳವೆಯಲ್ಲಿ ಇದ್ದಿಲಿನಂತೆ ಗಟ್ಟಿಯಾದ ಕರಿ ಗಸಿ ತುಂಬಿತ್ತು. ವೃದ್ಧನ ಬೆರಳುಗಳು ಆಗಲೇ ಸೆಟೆದುಕೊಂಡಿದ್ದವು, ಪಾನಾ ಹಿಡಿಯಲು ಬಾರದು. ಅವನು ಬಾಯಲ್ಲಿ ಹೇಳುತ್ತಿದ್ದ, ಇವರು ಕೈಯಲ್ಲಿ ಮಾಡುತ್ತಿದ್ದರು. ವಾಲ್ವಿನ ಬಿಡುವು ಒಳಕ್ಕೆ ಒಂದಂಗುಲದ ಸಾವಿರದಲ್ಲಿ ಎರಡು ಪಾಲು, ಹೊರಕ್ಕೆ ನಾಲ್ಕು ಪಾಲು ಎಂಬುದು ಪುಸ್ತಕದಲ್ಲಿದೆ. ಆದರೆ ಫೀಲರ್ ಗೇಜಿನ ಎಲೆ ಜಾರುವಾಗ ಎಷ್ಟು ಹಿಡಿದಂತಿರಬೇಕು, ಎಷ್ಟು ಬಿಟ್ಟಂತಿರಬೇಕು ಎಂಬುದು ಪುಸ್ತಕದಲ್ಲಿಲ್ಲ. ಅದಕ್ಕಾಗಿ ಅವನು ಇವರ ಬೆರಳಿನ ಮೇಲೆ ತನ್ನ ಸೆಟೆದ ಬೆರಳನ್ನಿಟ್ಟು ಎಲೆಯನ್ನು ಎಳೆಸಿದನು. ಒಂದು ಸಲವಲ್ಲ, ಆ ಮಧ್ಯಾಹ್ನವೆಲ್ಲ. ೨೦೧೬ರಲ್ಲಿ ಅವನು ತೀರಿಕೊಂಡನು.

ಚಳಿಗಾಲದ ಕಷ್ಟವನ್ನು ವಿಸ್ತರಿಸಬೇಕಾಗಿಲ್ಲ. ಹಿಮಗಟ್ಟದಂತೆ ರಸ್ತೆಗೆ ಉಪ್ಪು ಎರಚುವ ದೇಶವದು. ಉಪ್ಪು ಲೋಹಕ್ಕೆ ವೈರಿ. ಮನೆಗೆ ಬಂದೊಡನೆ ತಮ್ಮ ಕೈಕಾಲು ತೊಳೆಯುವ ಮೊದಲು ಬಂಡಿಯ ಕೈಕಾಲು ತೊಳೆಯಬೇಕು. ನಲವತ್ತು ವರ್ಷ ಮೀರಿದ ಬಂಡಿಗೆ ಬ್ರಿಟನ್ನಿನಲ್ಲಿ ರಸ್ತೆ ತೆರಿಗೆ ಕಟ್ಟಬೇಕಾಗಿಲ್ಲ. ೨೦೧೮ರಿಂದ ವಾರ್ಷಿಕ ತಪಾಸಣೆಯ ಕಡ್ಡಾಯವೂ ಇಲ್ಲ. ಆದರೂ ಅವರು ಪ್ರತಿವರ್ಷ ತಾವಾಗಿ ತಪಾಸಣೆಗೆ ಒಯ್ಯುತ್ತಾರೆ. ತಮ್ಮ ಕಣ್ಣಿಗೆ ತಮ್ಮ ಬಂಡಿಯ ದೋಷ ಕಾಣುವುದಿಲ್ಲ ಎಂಬುದು ಅವರ ಸಮಜಾಯಿಷಿ.

ಈ ನಡುವೆ ಹಳೆಯ ಬಂಡಿಗಳ ಬೆಲೆ ಏರಿತು. ಸಂಗ್ರಾಹಕರೊಬ್ಬರು ಮನೆಗೆ ಬಂದು, ಅವರು ಕೊಟ್ಟಿದ್ದ ಬೆಲೆಯ ಮೂರು ಪಾಲು ಕೊಡುವೆನೆಂದರು. ಆಗ ಮಗಳ ಓದಿನ ಖರ್ಚಿತ್ತು. ಊರಿನ ಮನೆಯ ಮಾಳಿಗೆ ಸೋರುತ್ತಿತ್ತು. ಪತ್ನಿ ಏನೂ ಹೇಳಲಿಲ್ಲ. ಹೇಳದಿರುವುದೇ ಹೆಚ್ಚು ಭಾರವಾಯಿತು. ಬಂಡಿ ಎಲ್ಲಿರುತ್ತದೆ ಎಂದು ಅವರು ಕೇಳಿದರು. ತೇವವಿಲ್ಲದ, ಸದಾ ಒಂದೇ ಶಾಖವಿರುವ ಕೋಣೆಯಲ್ಲಿ ಎಂದು ಉತ್ತರ ಬಂತು. ಅವರು ಎರಡು ರಾತ್ರಿ ನಿದ್ದೆಗೆಟ್ಟು, ಮೂರನೆಯ ದಿನ ಆಗದೆಂದು ಕಾಗದ ಬರೆದರು. ಮಾಳಿಗೆಯನ್ನು ಸಾಲ ಮಾಡಿ ಹೊದಿಸಿದರು. ಆ ನಿರ್ಧಾರ ವಿವೇಕದ್ದೆಂದು ಎಲ್ಲರೂ ಒಪ್ಪಲಾರರು. ಮಾತು ಕೊಟ್ಟವನು ಸತ್ತ ಮೇಲೆ ಮಾತಿಗೇನು ಬೆಲೆ ಎಂದು ಕೇಳಿದ ನೆಂಟರೂ ಇದ್ದಾರೆ.

ಈಗ ಅವರಿಗೆ ಅರವತ್ತು ಮೀರಿತು. ಬಲ ಮೊಣಕಾಲು ಸವೆದಿದೆ. ಕಿಕ್ಕು ಇರುವುದು ಬಲಬದಿಗೆ. ಕೆಲಕಾಲ ಬಂಡಿಯ ಬಲಕ್ಕೆ ನೆಲದ ಮೇಲೆ ನಿಂತು ಎಡಗಾಲಿನಿಂದ ಒದೆಯುವುದನ್ನು ರೂಢಿಸಿಕೊಂಡರು. ವೈದ್ಯರು ಅದೂ ಬೇಡವೆಂದರು. ರಜೆಗೆ ಬಂದ ಮಗಳು ಷೆಡ್ಡಿನ ಹೊಸ್ತಿಲಲ್ಲಿ ಕುಳಿತು ಕೇಳಿದಳು:

“ಅಪ್ಪಾಜಿ, ನನಗೆ ಕೊಡಬಾರದೇ?”

“ಕೊಡಲೇನು, ತಾಯಿ. ನಿತ್ಯ ಓಡಿಸುವೆಯಾ?”

ಅವಳು ಲಂಡನ್ನಿನಲ್ಲಿ ಕೆಲಸಕ್ಕೆ ರೈಲಿನಲ್ಲಿ ಹೋಗುವವಳು. ಬಹಳ ಹೊತ್ತು ತಟ್ಟೆಯನ್ನೇ ನೋಡಿದಳು. “ಸುಳ್ಳು ಹೇಳಲಾರೆ ಅಪ್ಪಾಜಿ. ಇಟ್ಟುಕೊಳ್ಳುತ್ತೇನೆ, ಓಡಿಸಲಾರೆ” ಎಂದಳು. ಅವರಿಗೆ ಆ ಮಾತಿನಿಂದ ಎಷ್ಟು ನೋವಾಯಿತೋ ಅಷ್ಟೇ ಹೆಮ್ಮೆಯೂ ಆಯಿತು.

ಸೋಲಿಹಲ್ಲಿನ ಶಾಲೆಯಲ್ಲಿ ಹಿಂದೆ ಅವರ ಬಳಿ ಓದಿದ ಒಬ್ಬ ತರುಣಿ ಈಗ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಳೆ. ರಾತ್ರಿಯ ಪಾಳಿಗೆ ಮಳೆಯೆನ್ನದೆ ಚಳಿಯೆನ್ನದೆ ಜಪಾನಿನ ಸಣ್ಣ ಬಂಡಿಯೊಂದರ ಮೇಲೆ ಹೋಗಿಬರುವವಳು. ಕೆಂಪು ತಂತಿಯ ಪಾಠವನ್ನು ಕೇಳಿದ ತರಗತಿಯಲ್ಲಿ ಅವಳಿರಲಿಲ್ಲ, ಆದರೆ ಕಥೆ ಅವಳವರೆಗೂ ಬಂದಿತ್ತು. ಕಳೆದ ಚಳಿಗಾಲದಿಂದ ಶನಿವಾರ ಬೆಳಗ್ಗೆ ಅವಳು ಷೆಡ್ಡಿಗೆ ಬರುತ್ತಾಳೆ. ಮೊದಲ ಕೆಲವು ವಾರ ಅವಳಿಗೆ ವಹಿಸಿದ ಕೆಲಸ ತಟ್ಟೆಯನ್ನು ನೋಡಿ, ಹನಿ ಎಣಿಸಿ, ಪುಸ್ತಕದಲ್ಲಿ ಬರೆಯುವುದು. ಆಮೇಲೆ ಪಾನಾ. ಆಮೇಲೆ ಫೀಲರ್ ಗೇಜು. ಆಗ ಅವಳ ಬೆರಳಿನ ಮೇಲೆ ಇವರ ಬೆರಳು.

ಮೊನ್ನೆ ಅವಳು ತಾನೇ ಎಬ್ಬಿಸಲು ನಿಂತಳು. ಕ್ಲಚ್ಚು ಹಿಡಿದು ಒಮ್ಮೆ ತುಳಿದು ಅಂಟಿದ ಬಿಲ್ಲೆಗಳನ್ನು ಬಿಡಿಸಿದಳು. ಕೀಲಿ ತಿರುಗಿಸಿ ಒದ್ದಳು. ಎಂಜಿನ್ನು ಕೆಮ್ಮಲೂ ಇಲ್ಲ. ಎರಡನೆಯ ಸಲ, ಮೂರನೆಯ ಸಲ. ಉಪಾಧ್ಯಾಯರು ಮರದ ಪೆಟ್ಟಿಗೆಯ ಮೇಲೆ ಕುಳಿತು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವಳು ಬಗ್ಗಿ ಕಾರ್ಬ್ಯುರೇಟರಿನ ಬಳಿ ಮೂಗು ಹಿಡಿದಳು. ಪೆಟ್ರೋಲಿನ ವಾಸನೆಯಿರಲಿಲ್ಲ. ನಲ್ಲಿ ತೆರೆದು, ಎರಡೂ ಕಾರ್ಬ್ಯುರೇಟರುಗಳ ಪುಟ್ಟ ಗುಂಡಿಗಳನ್ನು ಬೆರಳು ಒದ್ದೆಯಾಗುವವರೆಗೆ ಒತ್ತಿ ಹಿಡಿದು, ಮತ್ತೆ ತುಳಿದಳು. ನೆರೆಮನೆಯ ಕಿಟಕಿಯೊಂದು ಮುಚ್ಚಿಕೊಂಡಿತು. ಪುಸ್ತಕದಲ್ಲಿ ಅಂದಿನ ಲೆಕ್ಕ ಅವಳ ಅಕ್ಷರದಲ್ಲಿ ಹೀಗಿದೆ: ಐದು ಹನಿ, ಬಣ್ಣ ತಿಳಿ.